ಕನ್ನಡಿ ಮಸುಕಾಗುವ ಜಾಗ

ಭಾವ ತನ್ನ ಬೈಕ್ ಮಾರಲು ಹೊರಟಿದ್ದ. 650 ಸಿಸಿ, ಇನ್‌ಲೈನ್ ಫೋರ್, ಅಂದರೆ ಒಂದೇ ಸಾಲಿನಲ್ಲಿ ನಾಲ್ಕು ಸಿಲಿಂಡರ್. "ಅರ್ಧ ತಾಸು ಓಡಿಸಿದ್ರೆ ಕೈ ಜೋಮು ಹಿಡೀತದೆ ಮಾರಾಯ, ನೀನೇ ನೋಡು" ಅಂತ ಕಾರವಾರದಲ್ಲಿ ಕೀ ಕೊಟ್ಟು ಹಿಂದೆ ಕೂತ. ಶಿರಸಿವರೆಗೆ ನಾನೇ ಓಡಿಸುವುದು ಅಂತಾಯಿತು.

ಬಿಣಗಾ ದಾಟುವವರೆಗೆ ಅವನ ದೂರು ನನಗೆ ಅರ್ಥವೇ ಆಗಲಿಲ್ಲ. ಇಂಜಿನ್ ಚಾಲೂ ಇದೆಯೋ ಇಲ್ಲವೋ ಅನ್ನುವಷ್ಟು ನಯ. ಅಂಕೋಲಾ ಕಡೆ ಹೈವೇ ಖಾಲಿ ಸಿಕ್ಕಿತು. ಇಂಜಿನ್ ಏರುವ ಸದ್ದಿನ ಖುಷಿಗೆ ನಾಲ್ಕನೇ ಗೇರ್‌ನಲ್ಲೇ ಇದ್ದೆ. ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಎಷ್ಟು ಸುತ್ತು) ತೋರಿಸುವ ಮುಳ್ಳು 6,000ದ ಹತ್ತಿರ ಬಂತು ನೋಡಿ, ಹ್ಯಾಂಡಲ್ ಸಣ್ಣಗೆ ಗುಂಯ್ ಅನ್ನತೊಡಗಿತು. ಕಟಿಂಗ್ ಅಂಗಡಿಯ ಟ್ರಿಮ್ಮರ್ ಮುಷ್ಟಿಯಲ್ಲಿ ಹಿಡಿದ ಹಾಗೆ. ಕನ್ನಡಿಯಲ್ಲಿ ಹಿಂದಿನ ಲಾರಿ ಬರೀ ಕೆಂಪು ಮಸುಕು, ನಂಬರ್ ಪ್ಲೇಟ್ ಇದ್ದದ್ದೇ ಗೊತ್ತಾಗಲಿಲ್ಲ.

ಅಂಕೋಲಾದಲ್ಲಿ ಚಾ ಕುಡಿಯಲು ನಿಂತೆವು. ಬನ್ಸ್ ಮುರಿಯುವಾಗ ಕಿರುಬೆರಳು, ಉಂಗುರ ಬೆರಳು ಎರಡೂ ನನ್ನವಲ್ಲ ಅನ್ನಿಸುತ್ತಿತ್ತು. ಭಾವ ಹೇಳಿದ್ದು ಖರೆ. ಆದರೆ ಬೈಕ್ ಕೆಟ್ಟದ್ದು ಅನ್ನುವ ಮಾತು ಮಾತ್ರ ನಾನು ಒಪ್ಪಲಿಲ್ಲ.

ಈ ಇಂಜಿನ್‌ನಲ್ಲಿ ಎರಡು ಪಿಸ್ಟನ್ ಮೇಲೆ ಹೋದರೆ ಎರಡು ಕೆಳಗೆ ಬರುತ್ತವೆ. ಒಂದರ ಎಳೆತವನ್ನು ಇನ್ನೊಂದು ಹೊಡೆದುಹಾಕುತ್ತದೆ. ಹಾಗಾಗಿ ಸಿಂಗಲ್ ಸಿಲಿಂಡರ್‌ನ ಧಡ್ ಧಡ್ ಇಲ್ಲ. ಆದರೆ ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗುತ್ತದಲ್ವಾ, ಅದರಿಂದ ಪಿಸ್ಟನ್ ಮೇಲಿನ ಅರ್ಧದಲ್ಲಿ ಜೋರಾಗಿ, ಕೆಳಗಿನ ಅರ್ಧದಲ್ಲಿ ಸ್ವಲ್ಪ ನಿಧಾನಕ್ಕೆ ಓಡುತ್ತದೆ. ಲೆಕ್ಕ ಪೂರ್ತಿ ಚುಕ್ತಾ ಆಗುವುದಿಲ್ಲ. ಉಳಿದ ನಡುಕ ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಸಲ ಬರುತ್ತದೆ. 6,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 200 ಸಲ. ಬೆರಳಿನ ಚರ್ಮದೊಳಗೆ ನಡುಕ ಹಿಡಿಯುವ ನರದ ತುದಿಗಳಿಗೆ ಅತಿ ಚೆನ್ನಾಗಿ ತಿಳಿಯುವುದೂ ಸುಮಾರು ಅಷ್ಟೇ ವೇಗದ ನಡುಕ! ಇದನ್ನು ತಡೆಯಲು ಕೆಲವು ಇಂಜಿನ್‌ಗಳಲ್ಲಿ ಕ್ರ್ಯಾಂಕ್‌ನ ಎರಡು ಪಟ್ಟು ವೇಗದಲ್ಲಿ ತಿರುಗುವ ಬ್ಯಾಲೆನ್ಸರ್ ಶಾಫ್ಟ್ ಇಡುತ್ತಾರೆ. ತೂಕ, ಖರ್ಚು ಎರಡೂ ಜಾಸ್ತಿ, ಅದಕ್ಕೇ ಎಲ್ಲದರಲ್ಲೂ ಇರುವುದಿಲ್ಲ.

"ಹಾಗಾದ್ರೆ ಅನುಭವಿಸಬೇಕಾ?" ಅಂದ ಭಾವ.

ಅವನನ್ನೇ ಮುಂದೆ ಕೂರಿಸಿದೆ. ಗೇರ್ ಏರಿಸುತ್ತಾ ಆರಕ್ಕೆ ಹಾಕಿಸಿದೆ. ಸ್ಪೀಡ್ ಅಷ್ಟೇ, ಮುಳ್ಳು ಮಾತ್ರ 4,500ರ ಆಸುಪಾಸಿಗೆ ಇಳಿಯಿತು. ಕನ್ನಡಿಯಲ್ಲಿ ಹಿಂದಿನ ಬಸ್ಸಿನ ಬೋರ್ಡ್ ಕಾಣಿಸಿತು. ಅವನ ಹಿಡಿತ ನೋಡಿದೆ. ಗೆಣ್ಣು ಬಿಳುಚುವಷ್ಟು ಬಿಗಿ. ಬಿಗಿಯಾಗಿ ಹಿಡಿದಷ್ಟೂ ನಡುಕ ಕೈಯೊಳಗೆ ಜಾಸ್ತಿ ಇಳಿಯುತ್ತದೆ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿ, ಕೈ ಸಡಿಲ ಬಿಡು ಅಂದೆ. ಕುಮಟಾ ಹತ್ತಿರ ಶಿರಸಿ ರಸ್ತೆಗೆ ತಿರುಗುವಾಗ ಭುಜ ಇಳಿದಿತ್ತು. ದೇವಿಮನೆ ಘಟ್ಟದ ತಿರುವುಗಳಲ್ಲಿ ಗೇರ್ ಬದಲಾಗುತ್ತಲೇ ಇರುತ್ತದೆ, ಮುಳ್ಳು ಒಂದೇ ಕಡೆ ನಿಲ್ಲುವುದಿಲ್ಲ. ಕೈಯ ಮಾತೇ ಅವನು ಎತ್ತಲಿಲ್ಲ.

ಆದರೂ ಇಷ್ಟಕ್ಕೇ ಬಿಡಬಾರದು ಅಂತ ನನ್ನ ಅಭಿಪ್ರಾಯ. ಇಂಜಿನ್ ಮೌಂಟ್ ಬೋಲ್ಟ್ ಸಡಿಲ ಇದ್ದರೂ, ಸಿಲಿಂಡರ್‌ಗಳಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಗಳ ಹೊಂದಾಣಿಕೆ (ಸಿಂಕ್) ತಪ್ಪಿದರೂ ನಡುಕ ಹೆಚ್ಚುತ್ತದೆ. ಶಿರಸಿಯಲ್ಲಿ ಮೊದಲು ಅವೆರಡನ್ನೂ ನೋಡಿಸುವುದು, ಆಮೇಲೆ ಹ್ಯಾಂಡಲ್‌ನ ತುದಿಗಳಿಗೆ ಭಾರದ ಬಾರ್ ಎಂಡ್ ಹಾಕಿಸುವುದು ಅಂತ ಮಾತಾಯಿತು. ಗಿರಾಕಿಗೆ ಭಾವ ಅಲ್ಲಿಂದಲೇ ಫೋನ್ ಮಾಡಿ, ಸದ್ಯಕ್ಕೆ ಕೊಡುವುದಿಲ್ಲ ಅಂದ.