ಬೇಲಿ ಸವರುವ ಕೈಗೆ ಗಾಲ್ಫ್ ಕ್ಲಬ್ಬು

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನಿಗೆ ಗಾಲ್ಫ್ ಎಂತಕ್ಕೆ ಅಂತ ಕೇಳದವರು ನಮ್ಮೂರಲ್ಲಿ ಯಾರೂ ಉಳಿದಿಲ್ಲ. ಎಲ್ಲ ಟಿ.ವಿ.ಯಿಂದ ಆದದ್ದು. 2021ರ ಆಗಸ್ಟ್ 7, ಶನಿವಾರ. ಮಳೆ ಬಿಡುವು ಕೊಡದೆ ಹೊಯ್ಯುತ್ತಿತ್ತು. ತೋಟಕ್ಕೆ ಎರಡನೇ ಸಲದ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಯಲು ಆಗದೆ ಸುಮ್ನೆ ಮನೆಯಲ್ಲಿ ಕೂತಿದ್ದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾರೆ ಅಂತ ಯಾರೋ ಹೇಳಿದರು, ಟಿ.ವಿ. ಹಾಕಿದೆ. ಅಲ್ಲೂ ಗುಡುಗು ಮಳೆ ಅಂತ ಆಟ ನಿಲ್ಲಿಸಿದರು, ಇಲ್ಲೂ ಮಳೆ. ಬರ್ಡಿ ಅಂದರೇನು, ಬೋಗಿ ಅಂದರೇನು ಒಂದೂ ಗೊತ್ತಿಲ್ಲದ ನಾನು, ಅಮ್ಮ, ಕೆಲಸಕ್ಕೆ ಬಂದು ಮಳೆಗೆ ಸಿಕ್ಕಿಕೊಂಡ ಇಬ್ಬರು, ನಾಲ್ಕೂ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಕೊನೇ ಹೋಲ್ ಬರುವಷ್ಟರಲ್ಲಿ ಕರೆಂಟು ಹೋಯಿತು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಆಯಿತು ಅಂತ ಗೊತ್ತಾಗಿದ್ದು ಮಧ್ಯಾಹ್ನ, ಕೊಡೆ ಹಿಡಿದು ಗುಡ್ಡ ಹತ್ತಿ ಮೊಬೈಲಿಗೆ ಸಿಗ್ನಲ್ ಸಿಕ್ಕ ಮೇಲೆ.

ಇದನ್ನು ಬೆಂಗಳೂರಿನ ಭಾವನಿಗೆ ಹೇಳಿದ್ದೇ ತಪ್ಪಾಯಿತು. ದೀಪಾವಳಿಗೆ ಬರುವಾಗ ತಾವು ಆಡಿ ಬಿಟ್ಟ ಹಳೇ ಗಾಲ್ಫ್ ಚೀಲವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬಂದರು. ಚೆಂಡು ಹೊಡೆಯುವ ಕೋಲಿಗೆ ಕ್ಲಬ್ ಅನ್ನುತ್ತಾರೆ. ಒಬ್ಬ ಆಟಗಾರ 14 ಕ್ಲಬ್ ತನಕ ಒಯ್ಯಬಹುದಂತೆ, ಭಾವನ ಚೀಲದಲ್ಲಿ ಇದ್ದಿದ್ದು 9. "ಮೂಲೆಯಲ್ಲಿ ಧೂಳು ತಿಂತಾ ಬಿದ್ದಿತ್ತು, ನೀನಾದ್ರೂ ಆಡು ಮಾರಾಯ" ಅಂದರು.

ಒಂದೂವರೆ ವರ್ಷ ಮೊಬೈಲ್ ವಿಡಿಯೋ ನೋಡಿಯೇ ಕಲಿತೆ. ಕಲಿತೆ ಅನ್ನುವುದಕ್ಕಿಂತ ಕೆಟ್ಟೆ ಅನ್ನಬೇಕು. ಒಬ್ಬ ಎಡಗೈ ನೆಟ್ಟಗೆ ಇರಲಿ ಅನ್ನುತ್ತಾನೆ, ಇನ್ನೊಬ್ಬ ಕೈ ಸಡಿಲ ಬಿಡು ಅನ್ನುತ್ತಾನೆ. ತಲೆ ಎತ್ತಬೇಡ ಅನ್ನುವವನ ಮಾತು ಕೇಳಿ ತಲೆ ಎತ್ತದೆ ಹೊಡೆದು ಕುತ್ತಿಗೆ ಹಿಡಿದುಕೊಂಡು ಮೂರು ದಿನ ಎಣ್ಣೆ ಹಚ್ಚಿಸಿಕೊಂಡಿದ್ದೇನೆ. ತಿಂಗಳಿಗೆ ಒಂದು ಸಲ ಕೊಪ್ಪ, ಬಾಳೆಹೊನ್ನೂರು, ಆಲ್ದೂರು ದಾಟಿ ಎರಡೂವರೆ ಗಂಟೆ ಗಾಡಿ ಓಡಿಸಿ ಚಿಕ್ಕಮಗಳೂರಿಗೆ ಹೋಗಿ ಆಡುವುದು. ಅಲ್ಲಿ ನನ್ನ ಚೆಂಡು ಹೋಗುತ್ತಿದ್ದ ಜಾಗ ಒಂದೇ. ನೆಟ್ಟಗೆ ಹೊರಟ ಹಾಗೆ ಕಾಣುತ್ತಿತ್ತು, ಅರ್ಧ ದಾರಿಯಲ್ಲಿ ಏನೋ ನೆನಪಾದವರ ಹಾಗೆ ಬಲಕ್ಕೆ ತಿರುಗಿ ಕಾಫಿ ಗಿಡದೊಳಗೆ ಬೀಳುತ್ತಿತ್ತು. ಇದಕ್ಕೆ ಸ್ಲೈಸ್ ಅನ್ನುತ್ತಾರೆ. ಕಳೆದ ಚೆಂಡು ಹುಡುಕಲು ಮೊದಲು 5 ನಿಮಿಷ ಇತ್ತಂತೆ, 2019ರಿಂದ 3 ನಿಮಿಷ. ಮಳೆಗಾಲದಲ್ಲಿ ಕಾಫಿ ಗಿಡದ ಬುಡದಲ್ಲಿ ಮೂರು ನಿಮಿಷ ಬಗ್ಗಿ ನೋಡಿ, ಚೆಂಡು ಸಿಗದಿದ್ದರೂ ಉಂಬಳ ಖಂಡಿತ ಸಿಗುತ್ತದೆ.

ಕೊನೆಗೆ, ಆ ವರ್ಷದ ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ, ಪಾಠ ಹೇಳಿಸಿಕೊಳ್ಳುವುದು ಅಂತ ತೀರ್ಮಾನ ಮಾಡಿದೆ. ಹುಡುಗನಾಗಿದ್ದಾಗ ಕ್ಯಾಡಿ ಕೆಲಸ, ಅಂದರೆ ಆಡುವವರ ಚೀಲ ಹೊರುವ ಕೆಲಸ, ಮಾಡುತ್ತಲೇ ಆಟ ಕಲಿತ ಒಬ್ಬ ಹಿರಿಯರು ಸಿಕ್ಕಿದರು. ಅರವತ್ತು ದಾಟಿದ್ದಾರೆ. ತಲೆಗೆ ಮಂಗನ ಟೊಪ್ಪಿ, ಬಾಯಲ್ಲಿ ಎಲೆ ಅಡಿಕೆ. ಎಲ್ಲರೂ ಮೇಷ್ಟ್ರು ಅನ್ನುತ್ತಾರೆ, ನಾನೂ ಅದನ್ನೇ ಅಂದೆ.

ಮೊದಲ ದಿನ ಅವರು ಏನೂ ಹೇಳಿಕೊಡಲಿಲ್ಲ. "ಹತ್ತು ಹೊಡೀರಿ ನೋಡುವ" ಅಂದರು. ಹತ್ತರಲ್ಲಿ ಎಂಟು ಬಲಕ್ಕೆ, ಒಂದು ಮೂರಡಿ ಮುಂದೆ ಉರುಳಿತು, ಒಂದು ತಗುಲಲೇ ಇಲ್ಲ. ಅವರು ನನ್ನ ಮೊಬೈಲಿನಲ್ಲೇ ನಿಧಾನಗತಿಯ ವಿಡಿಯೋ ತೆಗೆದು ಕೈಗೆ ಕೊಟ್ಟರು. ನಾನು ಇಷ್ಟು ದಿನ ನನ್ನ ಸ್ವಿಂಗು ಸುಮಾರಾಗಿ ಟಿ.ವಿ.ಯಲ್ಲಿ ನೋಡಿದ ಹಾಗೇ ಇದೆ ಅಂದುಕೊಂಡಿದ್ದೆ. ವಿಡಿಯೋದಲ್ಲಿ ಇದ್ದವನು ಬೇರೆಯೇ. ಬಲ ಭುಜ ಮುಂದೆ ನುಗ್ಗಿಸಿ, ಹಲ್ಲು ಕಚ್ಚಿ, ಮೇಲಿಂದ ಓರೆಯಾಗಿ ಎಡಗಡೆಗೆ ಬೀಸುತ್ತಿದ್ದ. ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಮೇಷ್ಟ್ರು ಎಲೆ ಅಡಿಕೆ ಉಗಿದು ಬಂದು ಹೇಳಿದರು, "ನೀವು ಗಾಲ್ಫ್ ಆಡ್ತಾ ಇಲ್ಲ ಮಾರಾಯ್ರೆ, ಬೇಲಿ ಸವರ್ತಾ ಇದೀರಿ."

ಹೌದಲ್ವಾ! ಮೂವತ್ತು ವರ್ಷದಿಂದ ಕತ್ತಿ ಹಿಡಿದ ಕೈ. ಬಲಗೈ ಬಿಗಿ ಹಿಡಿತ, ಓರೆ ಬೀಸು, ಲಂಟಾನ ಕಚಕ್ ಅಂತ ಬೀಳಬೇಕು. ಅದೇ ಕೈಗೆ ಕ್ಲಬ್ ಕೊಟ್ಟರೆ ಅದು ಇನ್ನೇನು ಮಾಡೀತು?

ಹಿಡಿತದಿಂದ ಶುರು ಮಾಡಿದರು. ನಾನು ಎಡಗೈಯ ಅಂಗೈ ತುಂಬ ಹಿಡಿಯುತ್ತಿದ್ದೆ. ಅದನ್ನು ಬೆರಳಿನ ಬುಡಕ್ಕೆ ಇಳಿಸಿದರು. ಮೇಲಿಂದ ನೋಡಿದರೆ ಎಡಗೈಯ ಎರಡು ಗೆಣ್ಣಾದರೂ ನಿಮಗೇ ಕಾಣಬೇಕು, ಹೆಬ್ಬೆರಳು ತೋರುಬೆರಳಿನ ನಡುವಿನ ಗೆರೆ ಬಲ ಭುಜದ ಕಡೆ ನೋಡಬೇಕು ಅಂದರು. ಬಿಗಿ ಎಷ್ಟಿರಬೇಕು ಅಂತ ಕೇಳಿದೆ. "ಬೇಯಿಸಿದ ಮೊಟ್ಟೆ ಸುಲಿಯೋವಾಗ ಎಷ್ಟು ಹಿಡೀತೀರಿ, ಅಷ್ಟು." ಹೊಸ ಹಿಡಿತ ಹೇಗಿತ್ತು ಅಂದರೆ ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗೆ. ಆ ದಿನ ಚೆಂಡು ಇನ್ನೂ ಕೆಟ್ಟದಾಗಿ ಹೋಯಿತು. ವಾಪಸ್ ಬರುವಾಗ ಆಲ್ದೂರಿನಲ್ಲಿ ಕಾಫಿ ಕುಡಿಯುತ್ತಾ, ಕೊಟ್ಟ ದುಡ್ಡಿಗೆ ಎರಡು ಆಳಿನ ಸಂಬಳ ಆಗುತ್ತಿತ್ತು ಅಂತ ಲೆಕ್ಕ ಹಾಕಿದ್ದು ನಿಜ.

ಎರಡನೇ ಪಾಠದಲ್ಲಿ ಅವರು ಹೇಳಿದ್ದು ನನ್ನ ತಲೆಯಲ್ಲಿದ್ದ ಲೆಕ್ಕವನ್ನೇ ತಿರುವುಮುರುವು ಮಾಡಿತು. ಚೆಂಡು ಬಲಕ್ಕೆ ಹೋಗುತ್ತದೆ ಅಂತ ನಾನು ತಿಂಗಳಿಂದ ತಿಂಗಳಿಗೆ ಇನ್ನಷ್ಟು ಎಡಕ್ಕೆ ಗುರಿ ಇಟ್ಟು ನಿಲ್ಲುತ್ತಿದ್ದೆ. ಯಾರೇ ಆದರೂ ಹಾಗೇ ಮಾಡುವುದಲ್ವಾ? ಆದರೆ ಚೆಂಡು ಯಾವ ಕಡೆಗೆ ಹೊರಡುತ್ತದೆ ಅನ್ನುವುದು ತಗುಲುವ ಹೊತ್ತಿಗೆ ಕ್ಲಬ್ಬಿನ ಮುಖ ಎತ್ತ ನೋಡುತ್ತಿದೆ ಅನ್ನುವುದರ ಮೇಲೆ ಹೆಚ್ಚಾಗಿ ನಿಂತಿದೆ. ಆಮೇಲೆ ಗಾಳಿಯಲ್ಲಿ ತಿರುಗುವುದು ಬೇರೆ ಕಾರಣಕ್ಕೆ. ಕ್ಲಬ್ಬಿನ ಮುಖ ಒಂದು ಕಡೆ, ಕ್ಲಬ್ ಬೀಸಿ ಬರುವ ದಾರಿ ಇನ್ನೊಂದು ಕಡೆ ಇದ್ದರೆ ಚೆಂಡು ಓರೆಯಾಗಿ ಸುತ್ತಲು ಶುರುಮಾಡುತ್ತದೆ. ನಾನು ಎಡಕ್ಕೆ ತಿರುಗಿ ನಿಂತಷ್ಟೂ ಬೀಸು ಇನ್ನಷ್ಟು ಎಡಕ್ಕೆ ಹೋಗುತ್ತಿತ್ತು, ಮುಖ ಮಾತ್ರ ಗುರಿಯನ್ನೇ ನೋಡುತ್ತಿತ್ತು, ಎರಡರ ನಡುವಿನ ಅಂತರ ಜಾಸ್ತಿ ಆಗಿ ಚೆಂಡು ಇನ್ನೂ ಜೋರಾಗಿ ಬಲಕ್ಕೆ. ಅಂದರೆ ಒಂದೂವರೆ ವರ್ಷ ನಾನು ಮಾಡಿದ ಔಷಧಿಯೇ ರೋಗ ಹೆಚ್ಚಿಸಿತ್ತು.

ಸರಿ, ಬೀಸುವ ದಾರಿ ಬದಲಿಸುವುದು ಹೇಗೆ? "ಕೆಳಗೆ ಬರುವಾಗ ಭುಜ ಮೊದಲು ಬರಬಾರದು. ಕಾಲು, ಸೊಂಟ, ಆಮೇಲೆ ಕೈ" ಅಂದರು. ಹೇಳುವುದಕ್ಕೆ ಸುಲಭ. ಅರ್ಧ ಗಂಟೆ ಒದ್ದಾಡಿದೆ. ಕಾಲಿಗೆ ಗಮನ ಕೊಟ್ಟರೆ ಕೈ ಮರೆಯುತ್ತದೆ, ಕೈ ನೆನಪಾದರೆ ಭುಜ ಮುಂದೆ ಬಂದಿರುತ್ತದೆ. ಮೇಷ್ಟ್ರು ಬೇಸತ್ತು ಕಲ್ಲಿನ ಮೇಲೆ ಕೂತು, ನಿಮ್ಮ ಕಡೆ ಅಡಿಕೆ ಹೇಗೆ ತೆಗೀತಾರೆ, ಮರ ಹತ್ತೋರು ಸಿಗ್ತಾರಾ ಅಂತ ಬೇರೆ ಮಾತು ತೆಗೆದರು. ಇಲ್ಲ ಮೇಷ್ಟ್ರೇ, ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಎಳೆಯುವುದು ಅಂದೆ. ಹೇಗೆ ಎಳೀತೀರಿ ತೋರಿಸಿ ಅಂದರು. ಎದ್ದು ತೋರಿಸಿದೆ. ಕಾಲು ಊರಿ, ಮೈಯ ಭಾರ ಕೆಳಗಿಳಿಸಿ, ಸೊಂಟ ತಿರುಗಿಸಿ, ಕೈ ಹಿಂದಿನಿಂದ...

ಅಲ್ಲಿಗೇ ನಿಂತೆ. ಮೇಷ್ಟ್ರು ನಗುತ್ತಿದ್ದರು.

ಬರೀ ಕೈಯಿಂದ ದೋಟಿ ಎಳೆದರೆ ಗೊನೆ ಬರುವುದಿಲ್ಲ, ರಟ್ಟೆ ಬರುತ್ತದೆ. ಇದು ನನ್ನ ಮೈಗೆ ಗೊತ್ತಿತ್ತು. ದೂರಕ್ಕೆ ಹೊಡೆಯುವ ಉದ್ದನೆಯ ಕ್ಲಬ್ಬಿಗೆ ಡ್ರೈವರ್ ಅನ್ನುತ್ತಾರೆ. ಭಾವನ ಡ್ರೈವರಿನ ಕೋಲೂ ಅದೇ ಕಾರ್ಬನ್ ಫೈಬರಿನದು, ಮನೆಗೆ ಬಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅವತ್ತಿನಿಂದ ಕತ್ತಿಯ ಕೈ ಬೇಡ, ದೋಟಿಯ ಕೈ ಬೇಕು ಅಂತ ನನಗೆ ನಾನೇ ಹೇಳಿಕೊಂಡು ಬೀಸುತ್ತಿದ್ದೇನೆ. ಬೇರೆ ಯಾವ ವಿಡಿಯೋನೂ ನೋಡಿಲ್ಲ.

ಮನೆಯಲ್ಲಿ ಅಭ್ಯಾಸ ಅಡಿಕೆ ಒಣಗಿಸುವ ಅಂಗಳದಲ್ಲಿ. ಒಂದು ತುದಿಗೆ ಹಳೇ ಶೇಡ್ ನೆಟ್ ಎರಡು ಮಡಿಕೆ ಮಾಡಿ ಕಟ್ಟಿದೆ. ಚೆಂಡಿನ ಆಚೆ ಬದಿಗೆ, ಒಂದು ಗೇಣು ಬಿಟ್ಟು, ಒಂದು ಅಡಿಕೆ ಹಾಳೆ ನಿಲ್ಲಿಸುವುದು. ಬೀಸು ಮೇಲಿಂದ ಓರೆಯಾಗಿ ಬಂದರೆ ಕ್ಲಬ್ ಮೊದಲು ಹಾಳೆಗೆ ಬಡಿಯುತ್ತದೆ, ಒಳಗಿನಿಂದ ಬಂದರೆ ಹಾಳೆ ನಿಂತೇ ಇರುತ್ತದೆ. ಮೊದಲ ವಾರ ಹನ್ನೊಂದು ಹಾಳೆ ಚೂರಾಯಿತು. ಅಮ್ಮ ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಾ, ಪ್ರತಿ ಸಲ ಫಟ್ ಅಂದಾಗಲೂ "ಇನ್ನೊಂದು ಹೋಯ್ತು" ಅನ್ನುತ್ತಿದ್ದರು. ಹತ್ತಿರದ ಸಣ್ಣ ಹೊಡೆತಕ್ಕೆ ಚೆಂಡು ಮುಗಿದು, ಉದುರಿದ ಹಣ್ಣಡಿಕೆಯಲ್ಲಿ ಹೊಡೆಯಲು ಹೋಗಿದ್ದೆ. ಗಾಲ್ಫ್ ಚೆಂಡಿನ ಅಡ್ಡಳತೆ 42.67 ಮಿ.ಮೀ.ಗಿಂತ ಕಡಿಮೆ ಇರಬಾರದು, ದಪ್ಪ ಹಣ್ಣಡಿಕೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. "ಈಗಿನ ರೇಟಲ್ಲಿ ಅದನ್ನೂ ಹೊಡೆದು ಹಾಳು ಮಾಡ್ತೀಯಾ?" ಅಂತ ಅಮ್ಮ ಬೈದ ಮೇಲೆ ನಿಲ್ಲಿಸಿದೆ.

ಮೂರನೇ ಪಾಠ ಐರನ್ನಿನದು, ಅಂದರೆ ಚಪ್ಪಟೆ ಲೋಹದ ತಲೆಯ ಕ್ಲಬ್ಬಿನದು. ಚೆಂಡು ಮೇಲೇಳಲಿ ಅಂತ ಅದರಡಿಗೆ ಕ್ಲಬ್ ತೂರಿಸಿ ಎತ್ತಲು ಹೋಗುತ್ತಿದ್ದೆ, ದೋಸೆ ಮಗುಚಿದ ಹಾಗೆ. ಅದು ತಪ್ಪು. ಮೇಲೇಳಿಸುವ ಓರೆ ಕ್ಲಬ್ಬಿನಲ್ಲೇ ಇದೆ. ನಾವು ಕೆಳಮುಖವಾಗಿ ಹೊಡೆಯಬೇಕು, ಮೊದಲು ಚೆಂಡು, ಆಮೇಲೆ ಹುಲ್ಲು. ಹುಲ್ಲಿನ ಹೆಂಟೆ ಚೆಂಡು ಇದ್ದ ಜಾಗಕ್ಕಿಂತ ಮುಂದೆ ಏಳಬೇಕು, ಹಿಂದೆ ಎದ್ದರೆ ನೀವು ಗದ್ದೆ ಅಗೆದಿರಿ ಅಂತ ಅರ್ಥ.

ನಾಲ್ಕನೇ ಪಾಠ ಪೂರ್ತಿ ಪಟಿಂಗ್, ಅಂದರೆ ಹೋಲಿನ ಹತ್ತಿರ ಚೆಂಡನ್ನು ಮೆಲ್ಲಗೆ ಉರುಳಿಸಿ ಒಳಗೆ ಬೀಳಿಸುವುದು. ನನಗೆ ಬೋರು. ಮೇಷ್ಟ್ರು ಒಂದೇ ಮಾತು ಕೇಳಿದರು, 18 ಹೋಲಿಗೆ 72ರ ಪಾರ್ (ಚೆನ್ನಾಗಿ ಆಡುವವನಿಗೆ ಇಷ್ಟು ಹೊಡೆತ ಸಾಕು ಅನ್ನುವ ಲೆಕ್ಕ) ಇದ್ದರೆ ಅದರಲ್ಲಿ ಪಟ್ ಎಷ್ಟು ಗೊತ್ತಾ ಅಂತ. ಹೋಲಿಗೆ ಎರಡರಂತೆ 36. ಅರ್ಧಕ್ಕೆ ಅರ್ಧ! ಡ್ರೈವರ್ ಹಿಡಿಯುವುದು ಅಬ್ಬಬ್ಬಾ ಅಂದರೆ ಹದಿನಾಲ್ಕು ಸಲ. ನಾನು ಅಂಗಳದಲ್ಲಿ ಸಂಜೆಯಿಡೀ ಹೊಡೆದದ್ದು ಯಾವುದನ್ನು ಅಂತ ಹೇಳುವುದು ಬೇಡ.

ಹೂಮಳೆ ಬಿದ್ದು ಕಾಫಿ ಹೂ ಬಿಟ್ಟ ವಾರ ಮತ್ತೆ ಆಡಲು ಹೋದೆ. ಇಡೀ ಕೋರ್ಸು ಮಲ್ಲಿಗೆ ಅಂಗಡಿಯ ಹಾಗೆ ಘಮ್ ಅನ್ನುತ್ತಿತ್ತು. ಮೇಷ್ಟ್ರು ಸುಮ್ನೆ ಜೊತೆಗೆ ನಡೆಯುತ್ತೇನೆ ಅಂತ ಬಂದರು. ಮೊದಲ ಹೋಲಿನಲ್ಲಿ ಕೈ ನಡುಗಿ ಹಳೇ ಕತ್ತಿ ಬೀಸೇ ಬಂತು, ಚೆಂಡು ಬಲಕ್ಕೆ. ಎರಡನೆಯದರಲ್ಲಿ ಉಸಿರು ಬಿಟ್ಟು, ಕಾಲು ಊರಿ, ದೋಟಿ ಅಂದುಕೊಂಡೆ. ತಗುಲಿದ್ದೇ ಕೈಗೆ ಗೊತ್ತಾಗಲಿಲ್ಲ, ಟಕ್ ಅಂತ ಒಂದು ಸದ್ದು ಅಷ್ಟೇ. ಚೆಂಡು ನೆಟ್ಟಗೆ ಹೋಗಿ ನೆಟ್ಟಗೇ ಬಿತ್ತು. ಮೇಷ್ಟ್ರು ಏನೂ ಹೇಳಲಿಲ್ಲ, ಎಲೆಗೆ ಸುಣ್ಣ ಹಚ್ಚಿ ಒಂದು ಪಟ್ಟಿ ನನಗೆ ಕೊಟ್ಟರು. ನಾನು ಎಲೆ ಹಾಕುವವನಲ್ಲ, ಆದರೂ ಹಾಕಿದೆ.

ಆ ಖುಷಿಯಲ್ಲಿ ಮೂರನೆಯದರಲ್ಲಿ ಸೊಂಟ, ಕೈ, ಮಣಿಕಟ್ಟು ಎಲ್ಲ ಜಾಸ್ತಿಯೇ ತಿರುಗಿಸಿಬಿಟ್ಟೆ. ಚೆಂಡು ಬಲಕ್ಕೆ ಹೊರಟು, ಮಧ್ಯದಲ್ಲಿ ಮನಸ್ಸು ಬದಲಿಸಿ, ಸರ್ರನೆ ಎಡಕ್ಕೆ ತಿರುಗಿ ಆ ಬದಿಯ ಪೊದೆಯೊಳಗೆ ಹೋಯಿತು. ಹುಕ್! ನನ್ನ ಜನ್ಮದಲ್ಲಿ ಮೊದಲ ಸಲ.

ಕ್ಯಾಡಿ ಹುಡುಗ ಅಭ್ಯಾಸಬಲದಿಂದ ಚೀಲ ಎತ್ತಿಕೊಂಡು ಆಗಲೇ ಬಲಗಡೆಗೆ ಅರ್ಧ ದಾರಿ ಹೋಗಿದ್ದ. ಕೂಗಿ ಕರೆದೆವು. ಅವನು ನಿಂತು, ತಿರುಗಿ, ಎಡಗಡೆಯ ಪೊದೆಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದ. "ಸಾರ್, ಆ ಕಡೆ ಎಲ್ಲಿ ಹುಡುಕಬೇಕು ಅಂತ ನಂಗೆ ಗೊತ್ತಿಲ್ಲ" ಅಂದ.