‘ಮ್ಯಾಗ್ನೆಟಿಕ್’ಗೆ ಹಾರ್ನ್ಸ್ ಕೂರಿಸುವ ಕೆಲಸ: ಆರು ವಾರದ ದಿನಚರಿ

ಮೊದಲ ವಾರ

ಜಗಳ ಶುರುವಾಗಿದ್ದು ಅಕ್ಕನ ಮನೆಯಲ್ಲಿ, ಊಟ ಆದಮೇಲೆ. ಅಮೆರಿಕದ ಬ್ಯಾಂಡ್ ಅರ್ಥ್, ವಿಂಡ್ ಅಂಡ್ ಫೈರ್‌ನವರ 1983ರ ಆಲ್ಬಮ್ ‘ಎಲೆಕ್ಟ್ರಿಕ್ ಯೂನಿವರ್ಸ್’ ಮಾತಿಗೆ ಬಂತು. “ಅದು ಬಿಡಿ ಭಾವ, ಹಾರ್ನ್ಸ್ ತೆಗೆದುಹಾಕಿ ಕೆಡಿಸಿಕೊಂಡ ಆಲ್ಬಮ್ಮು” ಅಂದೆ. ಹಾರ್ನ್ಸ್ ಅಂದರೆ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್ ಥರದ ಊದುವ ವಾದ್ಯಗಳ ತಂಡ. ಭಾವ ಸುಣ್ಣ ಹಚ್ಚುತ್ತಿದ್ದ ವೀಳ್ಯದೆಲೆಯನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. “ಪೂರ್ತಿ ಕೇಳಿದ್ದೀಯೇನೋ ನೀನು?”

ಕೇಳಿರಲಿಲ್ಲ. ಎಂಟು ಹಾಡಿನಲ್ಲಿ ಮೂರು ಕೇಳಿದ್ದೆ. ಉಳಿದ ಐದರ ಬಗ್ಗೆ ಇದ್ದದ್ದು ಎರವಲು ಅಭಿಪ್ರಾಯ.

ಭಾವನಿಗೆ ಈ ಆಲ್ಬಮ್ ಸಿಕ್ಕಿದ್ದು ಅವರಣ್ಣ ಗಲ್ಫಿನಿಂದ ತಂದ ಕ್ಯಾಸೆಟ್‌ನಲ್ಲಿ. ಬ್ಯಾಂಡಿನ ಹಳೇ ಹಾಡುಗಳಾದ ‘ಸೆಪ್ಟೆಂಬರ್’, ‘ಶೈನಿಂಗ್ ಸ್ಟಾರ್’ ಎಲ್ಲ ಅವರು ಕೇಳಿದ್ದು ಅದಾದ ಎಷ್ಟೋ ವರ್ಷದ ಮೇಲೆ. ಅಂದರೆ ಅವರ ಪಾಲಿಗೆ ಈ ಬ್ಯಾಂಡ್ ಎಂದರೆ ಮೊದಲು ಸಿಂಥಸೈಸರ್ (ಎಲೆಕ್ಟ್ರಾನಿಕ್ ಕೀಬೋರ್ಡ್, ಚಿಕ್ಕದಾಗಿ ಸಿಂಥ್), ಆಮೇಲೆ ಹಾರ್ನ್ಸ್. ನನಗೆ ಅದೇ ಉಲ್ಟಾ. ಈ ಆಲ್ಬಮ್ ವಿಚಾರದಲ್ಲಿ ಅಭಿಮಾನಿಗಳು ಒಡೆದುಕೊಂಡಿರುವುದೂ ಹೆಚ್ಚುಕಡಿಮೆ ಹೀಗೇ: ಯಾವ ಬಾಗಿಲಿಂದ ಒಳಗೆ ಬಂದರೋ ಅದೇ ಮನೆಯ ತಲೆಬಾಗಿಲು ಅನ್ನುತ್ತಾರೆ. ಎಪ್ಪತ್ತರ ದಶಕದವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಂಬತ್ತರ ಎಲೆಕ್ಟ್ರೋ ಫಂಕ್ ಇಷ್ಟಪಡುವವರು ಇದರ ಮೊದಲ ಹಾಡು ‘ಮ್ಯಾಗ್ನೆಟಿಕ್’ ಕೇಳಿದರೆ ಸಾಕು, ಕೂತಲ್ಲಿಂದ ಏಳುತ್ತಾರೆ. ಇನ್ನು ಕೆಲವರು ‘ಟಚ್’ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬಿಟ್ಟುಬಿಡುತ್ತಾರೆ.

ಅಮೆರಿಕದಲ್ಲಿ ಯಾವ ಹಾಡು, ಆಲ್ಬಮ್ ಎಷ್ಟು ಓಡಿತು ಅಂತ ಹೇಳುವ ಬಿಲ್‌ಬೋರ್ಡ್ ಪಟ್ಟಿ ನೋಡಿದರೆ ನನ್ನ ಕಡೆಯವರಿಗೇ ಬಲ. ಅದೇ ವರ್ಷ ಫೆಬ್ರವರಿಯಲ್ಲಿ ಬಂದ ಇವರದೇ ಆಲ್ಬಮ್ ‘ಪವರ್‌ಲೈಟ್’ 12ನೇ ಸ್ಥಾನ ಮುಟ್ಟಿತ್ತು. ನವೆಂಬರ್‌ನಲ್ಲಿ ಬಂದ ಇದು 40ಕ್ಕೆ ನಿಂತಿತು. ‘ಮ್ಯಾಗ್ನೆಟಿಕ್’ ಸಿಂಗಲ್ ಆರ್ ಅಂಡ್ ಬಿ ಪಟ್ಟಿಯಲ್ಲಿ 10ನೆಯದು, ಪಾಪ್ ಪಟ್ಟಿಯಲ್ಲಿ 57. ಎರಡೇ ವರ್ಷದ ಹಿಂದೆ ‘ಲೆಟ್ಸ್ ಗ್ರೂವ್’ ಹಾಡನ್ನು ಪಾಪ್ ಪಟ್ಟಿಯ 3ನೇ ಸ್ಥಾನಕ್ಕೆ ಒಯ್ದ ಬ್ಯಾಂಡಿಗೆ ಇದು ಬಿದ್ದ ಹಾಗೆಯೇ. ಆಮೇಲೆ ಬ್ಯಾಂಡ್ ಕಟ್ಟಿದ ಮಾರಿಸ್ ವೈಟ್ ಅದನ್ನೇ ನಿಲ್ಲಿಸಿದರು. ಮುಂದಿನ ಆಲ್ಬಮ್ ಬರಲು 1987 ಆಗಬೇಕಾಯಿತು.

ಆದರೆ ಭಾವನಿಗೆ ಪಟ್ಟಿ ತೋರಿಸಿ ಗೆಲ್ಲುವುದು ಸಾಧ್ಯವಿಲ್ಲ. ಹಾಗಾಗಿ ಸವಾಲು ಹಾಕಿ ಬಂದೆ: ‘ಮ್ಯಾಗ್ನೆಟಿಕ್’ಗೆ ನಾನೇ ಹಾರ್ನ್ಸ್ ಬರೆದು ಕೂರಿಸುತ್ತೇನೆ, ಹಾಡು ಎದ್ದು ನಿಲ್ಲದಿದ್ದರೆ ಕೇಳಿ. ಮನೆಯೊಳಗಿನ ಪ್ರಯೋಗ ಅಷ್ಟೆ, ಎಲ್ಲಿಗೂ ಏರಿಸುವುದಿಲ್ಲ.

ಎರಡನೇ ವಾರ

ಬರೆಯುವ ಮೊದಲು ಕಲಿಯಬೇಕಲ್ಲ. ಇವರದೇ ಹಳೇ ಹಾಡುಗಳು, 1976ರ ‘ಗೆಟವೇ’, 1979ರ ‘ಇನ್ ದ ಸ್ಟೋನ್’ ಎರಡನ್ನೂ ಹಿಡಿದುಕೊಂಡು ಕೂತೆ. ಸ್ಪೀಡ್ ಅರ್ಧಕ್ಕಿಳಿಸಿ, ಹಾರ್ನ್ಸ್ ಬಾಯಿಬಿಡುವ ಜಾಗಗಳನ್ನೆಲ್ಲ ಕಾಗದದ ಮೇಲೆ ಗುರುತು ಮಾಡಿದೆ. ಚಿಕ್ಕವನಿದ್ದಾಗ ಎರಡು ವರ್ಷ ಮೃದಂಗ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ಒಂದು ಏಟನ್ನು ತ-ಕ-ಧಿ-ಮಿ ಅಂತ ನಾಲ್ಕು ಮಾಡಿಕೊಂಡರೆ, ಈ ಜನ ‘ತ’ ಮೇಲೆ ಬೀಳುವುದು ಕಡಿಮೆ. ‘ಮಿ’ ಮೇಲೆ ಚುರುಕ್ ಅಂತ ಮುಟ್ಟಿ ಹೋಗುತ್ತಾರೆ. ಮುಂದಿನ ಏಟು ಬರುವಷ್ಟರಲ್ಲಿ ಅವರಿಲ್ಲ.

ಈ ಜನ ಅಂದರೆ ಫೀನಿಕ್ಸ್ ಹಾರ್ನ್ಸ್: ಸ್ಯಾಕ್ಸೋಫೋನ್‌ನಲ್ಲಿ ಡಾನ್ ಮೈರಿಕ್, ಟ್ರಾಂಬೋನ್‌ನಲ್ಲಿ ಲೂಯಿ ಸ್ಯಾಟರ್‌ಫೀಲ್ಡ್, ಟ್ರಂಪೆಟ್‌ನಲ್ಲಿ ರಾಮ್ಲೀ ಮೈಕೆಲ್ ಡೇವಿಸ್, ಮೈಕೆಲ್ ಹ್ಯಾರಿಸ್. ‘ಆಫ್ಟರ್ ದ ಲವ್ ಹ್ಯಾಸ್ ಗಾನ್’ ಕೊನೆಯಲ್ಲಿ ಕೇಳುವ ಸ್ಯಾಕ್ಸ್ ಮೈರಿಕ್ ಅವರದು. ನನಗೆ ಇವರಲ್ಲೆಲ್ಲ ಹೆಚ್ಚು ಕುತೂಹಲ ಸ್ಯಾಟರ್‌ಫೀಲ್ಡ್ ಮೇಲೆ. ಆತ ಮೂಲತಃ ಷಿಕಾಗೋದ ಚೆಸ್ ಸ್ಟುಡಿಯೋದ ಬಾಸ್ ಗಿಟಾರ್ ವಾದಕ. 1965ರ ‘ರೆಸ್ಕ್ಯೂ ಮಿ’ ಹಾಡಿನ ಬಾಸ್ ಆತನದು, ಅದೇ ಹಾಡಿನ ಡ್ರಮ್ಸ್ ಮಾರಿಸ್ ವೈಟ್ ಅವರದು. ಮಾರಿಸ್‌ನ ತಮ್ಮ, ಬ್ಯಾಂಡಿನ ಬಾಸ್ ವಾದಕ ವರ್ಡೀನ್‌ಗೆ ಬಾಸ್ ಕಲಿಸಿದ್ದೂ ಇದೇ ಸ್ಯಾಟರ್‌ಫೀಲ್ಡ್. ಅಂದಮೇಲೆ ಬ್ಯಾಂಡಿನ ಬಾಸ್‌ಗೂ ಟ್ರಾಂಬೋನ್‌ಗೂ ಒಂದೇ ಗುರುಮನೆ. ಒಂದು ಮಾತಾಡುವಾಗ ಇನ್ನೊಂದು ಸುಮ್ಮನಿರುವುದು ಅಷ್ಟು ಸಹಜವಾಗಿ ಬರುತ್ತಿದ್ದದ್ದು ಇದರಿಂದಲೇ ಇರಬೇಕು ಅಂತ ನನ್ನ ಊಹೆ.

ಇಂಗ್ಲೆಂಡಿನ ಗಾಯಕ ಫಿಲ್ ಕಾಲಿನ್ಸ್ ಇವರನ್ನು ಹಾರಿಸಿಕೊಂಡು ಹೋದದ್ದೇ ಎಲ್ಲಕ್ಕೂ ಕಾರಣ ಅನ್ನುವ ದೂರೊಂದಿದೆ. ಅದು ನಿಲ್ಲುವುದಿಲ್ಲ. ಕಾಲಿನ್ಸ್‌ನ ‘ಫೇಸ್ ವ್ಯಾಲ್ಯೂ’ನಲ್ಲಿ ಇವರು ನುಡಿಸಿದ್ದು 1981ರಲ್ಲಿ. ಅದೇ ವರ್ಷ ‘ಲೆಟ್ಸ್ ಗ್ರೂವ್’ ಕೂಡ ಬಂತು, ಅದರಲ್ಲಿ ಹಾರ್ನ್ಸ್ ಗಟ್ಟಿಯಾಗಿಯೇ ಇದೆ.

ಮೂರನೇ ವಾರ

ಟೆಂಪೋ ಮ್ಯಾಪ್ ಹಾಕಿದೆ. ಹಾಡಿನ ಏಟು ಎಲ್ಲೆಲ್ಲಿ ಬೀಳುತ್ತದೆ ಅಂತ ಸಾಫ್ಟ್‌ವೇರಿಗೆ ತೋರಿಸಿಕೊಡುವ ಕೆಲಸ. ‘ಗೆಟವೇ’ಗೆ ಒಂದು ಇಡೀ ಸಂಜೆ ಹಿಡಿಯಿತು, ಯಾಕೆಂದರೆ ಹಾಡು ಎಲ್ಲೋ ಒಂದು ಕೂದಲೆಳೆ ಮುಂದೋಡುತ್ತದೆ, ಇನ್ನೆಲ್ಲೋ ಹಿಂದೆ ಎಳೆಯುತ್ತದೆ. ‘ಮ್ಯಾಗ್ನೆಟಿಕ್’ ಹತ್ತೇ ನಿಮಿಷದಲ್ಲಿ ಗೆರೆಗೆ ಗೆರೆ ಕೂತುಬಿಟ್ಟಿತು. ನನ್ನ ಕಿವಿಗೆ ಅದು ಯಂತ್ರದ ತಾಳ. ಕೆಲಸ ಸಲೀಸಾಯಿತು ಅಂತ ಖುಷಿಪಟ್ಟು ಮಲಗಿದೆ. ಬೆಳಿಗ್ಗೆ ಅದೇ ವಿಷಯ ಕೊರೆಯತೊಡಗಿತು.

ಇಡೀ ವಾರಾಂತ್ಯ ಕೂತು ನಾಲ್ಕು ದನಿಗೆ ಬರೆದೆ. ಎರಡು ಟ್ರಂಪೆಟ್, ಒಂದು ಟೆನರ್ ಸ್ಯಾಕ್ಸ್, ಒಂದು ಟ್ರಾಂಬೋನ್, ಎಲ್ಲ ಸ್ಯಾಂಪಲ್ ಲೈಬ್ರರಿಯ (ನಿಜ ವಾದ್ಯಗಳಿಂದ ಮುದ್ರಿಸಿಟ್ಟ ತುಣುಕುಗಳ ಸಂಗ್ರಹ) ದನಿಗಳು, ಮಿಡಿ ಕೀಬೋರ್ಡಿನಿಂದ ನುಡಿಸಿದ್ದು. (ಮಿಡಿ, ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳೂ ಕಂಪ್ಯೂಟರೂ ಪರಸ್ಪರ ಮಾತಾಡುವ ಮಾನದಂಡ, ಹೊರಬಂದದ್ದೂ 1983ರಲ್ಲೇ. ಯಮಹಾ ಡಿಎಕ್ಸ್7 ಸಿಂಥ್ ಕೂಡ ಅದೇ ವರ್ಷದ ಕೂಸು. ಆ ವರ್ಷ ಸಿಂಥ್ ಹಿಂದೆ ಬೀಳದವರೇ ಕಡಿಮೆ, ಇವರೊಬ್ಬರನ್ನೇ ಬೈದು ಏನು ಫಲ.)

ಪ್ಲೇ ಒತ್ತಿದೆ. ಜಾತ್ರೆಯಲ್ಲಿ ಎರಡು ಧ್ವನಿವರ್ಧಕ ಎದುರುಬದುರು ಕಟ್ಟಿದ ಹಾಗಿತ್ತು.

ನಾಲ್ಕನೇ ವಾರ

ಮೊದಲು ಅನುಮಾನ ಬಂದದ್ದು ಸ್ಯಾಂಪಲ್ ಮೇಲೆ. ಬೇರೆ ಲೈಬ್ರರಿ ಹಾಕಿದೆ, ಅದೇ ಕಥೆ. ಟ್ರಂಪೆಟ್ ಒಂದು ಸ್ಥಾಯಿ ಮೇಲೆ ಒಯ್ದೆ, ಕಿವಿಗೆ ಸೂಜಿ ಚುಚ್ಚಿತು. ಟ್ರಾಂಬೋನ್ ತೆಗೆದೆ, ತೆಳುವಾಯಿತು, ಗೊಂದಲ ಮಾತ್ರ ಹೋಗಲಿಲ್ಲ. ಬುಧವಾರ ರಾತ್ರಿ ಹನ್ನೊಂದೂವರೆಗೆ ಹಾರ್ನ್ಸ್ ಪೂರ್ತಿ ಮ್ಯೂಟ್ ಮಾಡಿ, ಮೂಲ ಹಾಡನ್ನಷ್ಟೇ ಹಾಕಿಕೊಂಡು, ತೊಡೆ ಮೇಲೆ ತಕಧಿಮಿ ಹಾಕುತ್ತಾ ಕೇಳಿದೆ.

ಆಗ ಗೊತ್ತಾಯಿತು, ಕಾರ್ವೆ ಇಲ್ಲ.

ಮೃದಂಗದಲ್ಲಿ ಎರಡು ಸೊಲ್ಲುಗಳ ನಡುವೆ ಬಿಡುವ ಜಾಗಕ್ಕೆ ಕಾರ್ವೆ ಅನ್ನುತ್ತಾರೆ. ನುಡಿಸದಿದ್ದರೂ ಅದು ಲೆಕ್ಕದಲ್ಲಿರುತ್ತದೆ. ಮೇಷ್ಟ್ರು ಕೋಲು ತೋರಿಸಿ ಹೆದರಿಸುತ್ತಿದ್ದದ್ದು ನಾವು ತಪ್ಪು ಬಾರಿಸಿದ್ದಕ್ಕಲ್ಲ, ಕಾರ್ವೆ ನುಂಗಿದ್ದಕ್ಕೆ. ‘ಗೆಟವೇ’ ಕಾಗದವನ್ನು ಮತ್ತೆ ತೆಗೆದು ನೋಡಿದರೆ ಹಾರ್ನ್ಸ್ ಇರುವುದೆಲ್ಲ ಬೇರೆಯವರು ಬಿಟ್ಟ ಜಾಗದಲ್ಲಿ. ಹಾಡುವವರು ದನಿ ಎತ್ತಿದಾಗ ಗಿಟಾರ್ ಸರಿಯುತ್ತದೆ, ಬಾಸ್ ಉಸಿರು ತೆಗೆದುಕೊಂಡಾಗ ಟ್ರಂಪೆಟ್ ನುಗ್ಗುತ್ತದೆ. ‘ಶೈನಿಂಗ್ ಸ್ಟಾರ್’ ಮುಗಿಯುವುದಂತೂ ವಾದ್ಯಗಳೆಲ್ಲ ನಿಂತು ಬರೀ ದನಿಗಳ ಮೇಲೆ. ಅಷ್ಟು ಧೈರ್ಯವಾಗಿ ಸುಮ್ಮನಾಗುವ ಬ್ಯಾಂಡ್ ಅದು. ‘ಮ್ಯಾಗ್ನೆಟಿಕ್’ನಲ್ಲಿ ಸಿಂಥ್ ಸುಮ್ಮನಾಗುವುದೇ ಇಲ್ಲ. ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕು ಜನ ಕೂತಾಗಿದೆ, ನಾನು ಇನ್ನೂ ನಾಲ್ವರನ್ನು ಹತ್ತಿಸುತ್ತಿದ್ದೆ.

ಊಹೆ ಸರಿಯೋ ಅಂತ ನೋಡಲು ಉಲ್ಟಾ ಪರೀಕ್ಷೆ ಮಾಡಿದೆ. ಹಾಡನ್ನು ಬಿಡಿಬಿಡಿ ಮಾಡುವ ಸಾಫ್ಟ್‌ವೇರಿನಿಂದ ‘ಗೆಟವೇ’ಯ ಹಾರ್ನ್ಸ್ ಸಾಧ್ಯವಾದಷ್ಟು ತೆಗೆದು, ಅದೇ ಸ್ವರಗಳನ್ನು ಅಗ್ಗದ ಎಂಬತ್ತರ ಸಿಂಥ್ ದನಿಯಲ್ಲಿ ನುಡಿಸಿದೆ. ಬೇಕೆಂದೇ ತೀರಾ ಪ್ಲಾಸ್ಟಿಕ್ ದನಿ ಆರಿಸಿದ್ದೆ. ಕೇಳಲು ನಗು ಬರುತ್ತಿತ್ತು, ಆದರೆ ಕಾಲು ಕುಣಿಯುವುದು ನಿಲ್ಲಲಿಲ್ಲ! ಹಾಡಿಗೆ ಏನೂ ಆಗಿರಲಿಲ್ಲ.

ಅಂದರೆ ನಾನೂ ನನ್ನ ಪಂಗಡದವರೂ ಇಷ್ಟು ವರ್ಷ ತಪ್ಪು ಕಳ್ಳನನ್ನು ಹಿಡಿದು ಹೊಡೆಯುತ್ತಿದ್ದೆವು. ಕಾಣೆಯಾದದ್ದು ಹಾರ್ನ್ಸ್ ನಿಲ್ಲುತ್ತಿದ್ದ ಜಾಗ. ಜಾಗ ಹೋದಮೇಲೆ ಹಾರ್ನ್ಸ್ ಇದ್ದರೆಷ್ಟು, ಬಿಟ್ಟರೆಷ್ಟು.

ಇದನ್ನು ಭಾವನಿಗೆ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹೇಳಿದರೆ ಅರ್ಧ ಸೋತ ಹಾಗೆ.

ಐದನೇ ವಾರ

ಯೋಜನೆ ಬದಲಾಯಿತು. ಈಗ ಸೇರಿಸುವುದಕ್ಕಿಂತ ಕಳೆಯುವುದೇ ಜಾಸ್ತಿ.

ಬಿಡಿ ಮಾಡಿದ ‘ಮ್ಯಾಗ್ನೆಟಿಕ್’ನಲ್ಲಿ ಎಂಟು ಆವರ್ತ ಆರಿಸಿಕೊಂಡು, ಪ್ರತಿ ಎರಡನೇ ಆವರ್ತದ ಕೊನೆಯ ಎರಡು ಏಟಿನಲ್ಲಿ ಸಿಂಥ್ ಅಳಿಸಿದೆ. ಇಲ್ಲಿ ತೊಂದರೆ ಏನೆಂದರೆ ಸಾಫ್ಟ್‌ವೇರ್ ಶುಚಿಯಾಗಿ ಬಿಡಿಸಿಕೊಡುವುದಿಲ್ಲ. ಸಿಂಥ್ ಅಳಿಸಿದರೆ ದನಿಯ ಬಾಲವೂ ಹೋಗುತ್ತದೆ, ನೀರಿನೊಳಗಿಂದ ಮಾತಾಡಿದ ಹಾಗೆ ಗುಳುಗುಳು ಉಳಿಯುತ್ತದೆ. ಅದನ್ನು ಮುಚ್ಚಲು ಬಾಸ್ ನಾನೇ ಮತ್ತೆ ನುಡಿಸಿದೆ, ತಂತಿಯ ಬಾಸ್ ಗಿಟಾರಿನಲ್ಲೇ. ವರ್ಡೀನ್ ಥರ ಅಂತ ಹೇಳಿಕೊಳ್ಳುವ ಧೈರ್ಯವಿಲ್ಲ. ಹೆಬ್ಬೆರಳಲ್ಲಿ ಬೊಬ್ಬೆ ಬಂತು, ಅಷ್ಟು ಮಾತ್ರ ಸಾಕ್ಷಿ.

ಆ ಎರಡು ಏಟಿನ ಜಾಗಕ್ಕೆ ಹಾರ್ನ್ಸ್ ಹಾಕಿದೆ. ಮೂರೇ ಸ್ವರ, ಕೊನೆಯದು ‘ಮಿ’ ಮೇಲೆ. ಮುಂಚೆ ಬರೆದದ್ದರಲ್ಲಿ ಹತ್ತಕ್ಕೆ ಒಂದು ಪಾಲೂ ಉಳಿಯಲಿಲ್ಲ.

ಈ ಸಲ ಕೂತಿತು. ಎಂಟೇ ಆವರ್ತ, ಇಪ್ಪತ್ತು ಸೆಕೆಂಡಿಗೂ ಕಡಿಮೆ, ಆದರೆ ಕೂತಿತು. ಹದಿನಾಲ್ಕು ಸಲ ಕೇಳಿದೆ. ಹೆಂಡತಿ ಅಡುಗೆಮನೆಯಿಂದ, “ಇದು ಚೆನ್ನಾಗಿದೆ, ಬಾಗಿಲು ಹಾಕ್ಕೊಂಡು ಕೇಳು” ಅಂದಳು.

ಆರನೇ ವಾರ

ಭಾನುವಾರ ಲ್ಯಾಪ್‌ಟಾಪ್, ಒಂದು ಜೊತೆ ಸ್ಪೀಕರ್ ಹೊತ್ತುಕೊಂಡು ಅಕ್ಕನ ಮನೆಗೆ ಹೋದೆ. ಭಾವ ಕಣ್ಣು ಮುಚ್ಚಿ ಕೇಳಿದರು. ಎರಡನೇ ಸಲಕ್ಕೆ ಕುರ್ಚಿ ಕೈ ಮೇಲೆ ಬೆರಳು ಆಡಿತು. ನನಗೆ ಗೆದ್ದ ಹಾಗಾಯಿತು.

“ಚೆನ್ನಾಗಿ ಮಾಡಿದ್ದೀಯ ಕಣೋ” ಅಂದರು. “ಆದರೆ ಇದು ಮ್ಯಾಗ್ನೆಟಿಕ್ ಅಲ್ಲ.”

“ಅದೇ ಹಾಡು ಭಾವ, ಸ್ವಲ್ಪ ಗಾಳಿ ಬಿಟ್ಟಿದ್ದೀನಿ ಅಷ್ಟೆ.”

“ಗಾಳಿ ಇರಬಾರದು ಕಣೋ ಅದರಲ್ಲಿ. ಹೆಸರು ನೋಡು. ಅಯಸ್ಕಾಂತ. ಅಂಟಿಕೊಂಡ ಹಾಗೇ ಇರಬೇಕು. ಆ ಉಸಿರು ಕಟ್ಟೋದೇ ಅದರ ಮಜಾ.”

ವಾದಿಸಲು ಬಾಯಿ ತೆರೆದೆ, ಏನೂ ತೋಚಲಿಲ್ಲ. ಹಾಡು ಬರೆದವರಲ್ಲೊಬ್ಬ ಮಾರ್ಟಿನ್ ಪೇಜ್, ಇಂಗ್ಲೆಂಡಿನವನು, ಸಿಂಥ್ ಪಾಪ್ ಬ್ಯಾಂಡ್ ಕ್ಯೂ-ಫೀಲ್‌ನಲ್ಲಿದ್ದವನು. ಎರಡು ವರ್ಷದ ಮೇಲೆ ಸ್ಟಾರ್‌ಷಿಪ್‌ನವರ ‘ವಿ ಬಿಲ್ಟ್ ದಿಸ್ ಸಿಟಿ’ಗೂ ಈತನ ಕೈ ಸೇರಿತು. ಆ ಕಡೆಯಿಂದ ಬಂದ ಹಾಡಿಗೆ ಜಾಗ ತುಂಬಿಸುವುದೇ ಸ್ವಭಾವ. ಚೆಸ್ ಸ್ಟುಡಿಯೋದ ಅಳತೆಪಟ್ಟಿ ಹಿಡಿದು ನಾನು ಅಳೆಯಲು ಹೊರಟಿದ್ದೆ. ಹಾಗಂತ ನನ್ನ ಎಂಟು ಆವರ್ತ ಅಳಿಸಿಲ್ಲ, ನನಗೆ ಈಗಲೂ ಅದೇ ಇಷ್ಟ. ಉಳಿದ ಹಾಡುಗಳ ಬಗ್ಗೆಯೂ ಪೂರ್ತಿ ಮನಸ್ಸು ಕರಗಿಲ್ಲ. ‘ಮೂನ್‌ವಾಕ್’ ನಾಲ್ಕು ಸಲ ಕೇಳಿದೆ, ಐದನೇ ಸಲ ಆಗಲಿಲ್ಲ. ‘ಟಚ್’ ಮಾತ್ರ ಗುಣುಗುಣು ಅಂತ ಬಾಯಲ್ಲಿ ಉಳಿದುಬಿಟ್ಟಿದೆ, ಯಾರಿಗೂ ಹೇಳಬೇಡಿ.

ಅಕ್ಕ ಕಾಫಿ ತಂದಿಟ್ಟು ಒಂದು ಪ್ರಶ್ನೆ ಎಸೆದಳು. “ಅದೇನು ಭೂಮಿ, ಗಾಳಿ, ಬೆಂಕಿ ಅಂತ ಹೆಸರಿಟ್ಟುಕೊಂಡು ನೀರನ್ನ ಯಾಕೆ ಬಿಟ್ಟರು?” ಮಾರಿಸ್ ವೈಟ್‌ನ ಜಾತಕದಲ್ಲಿ ಜಲತತ್ವ ಇರಲಿಲ್ಲ, ಅದಕ್ಕೇ ಅಂದೆ. ಆರು ವಾರದಲ್ಲಿ ನಾನು ಹೇಳಿದ ಒಂದೇ ವಿಷಯ ಅವಳಿಗೆ ಹಿಡಿಸಿದ್ದು ಇದು.

ಹೊರಡುವಾಗ ಭಾವ ಬೀರುವಿನಿಂದ ಆ ಕ್ಯಾಸೆಟ್ ತೆಗೆದುಕೊಟ್ಟರು. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವ ಪಟ್ಟಿ ಉದುರಿಹೋಗಿದೆ, ಪೆಟ್ಟಿಗೆಗೆ ಸ್ಕ್ರೂ ಇಲ್ಲ, ಅಂಟು ಹಾಕಿದ ಥರದ್ದು. ಅಂಚಿಗೆ ಬ್ಲೇಡ್ ಹಾಕಿ ಬಿಡಿಸಿ ಬೇರೆ ಪೆಟ್ಟಿಗೆಗೆ ಸುತ್ತಬೇಕು, ಆಮೇಲೆ ಡೆಕ್‌ನ ಹೆಡ್ ಓರೆ ಸರಿಮಾಡಿಕೊಂಡು ಕಂಪ್ಯೂಟರಿಗೆ ಇಳಿಸಬೇಕು. “ನಿನ್ನ ತುತ್ತೂರಿ ಗಿತ್ತೂರಿ ಏನೂ ಸೇರಿಸಬೇಡ, ಇದ್ದ ಹಾಗೆ ಇಳಿಸಿಕೊಡು” ಅಂತ ಗೇಟಿನವರೆಗೂ ಹೇಳುತ್ತಾ ಬಂದರು. ಹಳೇ ಖಾಲಿ ಕ್ಯಾಸೆಟ್ ಒಂದು ಹುಡುಕಿಟ್ಟಿದ್ದೇನೆ, ಸ್ಕ್ರೂ ಇರುವಂಥದ್ದು. ಶನಿವಾರ ಬ್ಲೇಡ್ ಹಾಕುತ್ತೇನೆ.