ಜರ್ಮನಿಗೆ ಹೊರಟವಳಿಗೆ ಶಿವಮೊಗ್ಗದ ಲ್ಯಾಪ್‌ಟಾಪ್

ಅಕ್ಕನ ಮಗಳಿಗೆ ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಡೇಟಾ ಸೈನ್ಸ್ ಓದಲು ಸೀಟು ಸಿಕ್ಕಿ, ವೀಸಾ ಕೂಡ ಕೈಸೇರಿದ ಮೇಲೆ, ತೀರ್ಥಹಳ್ಳಿ ಸಮೀಪದ ಅವರ ಮನೆಯಲ್ಲಿ ಇತ್ಯರ್ಥವಾಗದೆ ಉಳಿದದ್ದು ಕಂಪ್ಯೂಟರಿನ ವಿಷಯವೊಂದೇ. ಹಳೆಯ ಲ್ಯಾಪ್‌ಟಾಪು ಚಾರ್ಜರಿನಿಂದ ಬಿಡಿಸಿದೊಡನೆ ಆರಿಹೋಗುತ್ತಿದ್ದುದರಿಂದ ಹೊಸದು ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಇಲ್ಲಿಂದ ಕೊಂಡೊಯ್ಯುವುದೋ, ಅಲ್ಲಿಗೆ ಹೋಗಿ ಕೊಳ್ಳುವುದೋ ಎಂಬುದೇ ತಕರಾರು. ಅಮೆರಿಕದಲ್ಲಿರುವ ಅವಳ ದೊಡ್ಡಪ್ಪನ ಮಗ "ಇಂಡಿಯಾದಲ್ಲಿ ತಗೋಬೇಡ, ಹೊರಗಡೆ ಯಾವತ್ತೂ ಅಗ್ಗ" ಎಂದು ಫೋನಿನಲ್ಲೇ ತೀರ್ಪು ಕೊಟ್ಟಿದ್ದ. ಭಾವನಿಗೋ, ಬಿಲ್ಲು ಬರೆದುಕೊಟ್ಟವನ ಮುಖ ನೋಡದೆ ಇಷ್ಟು ದುಡ್ಡು ಸುರಿಯುವುದು ಒಗ್ಗದ ಮಾತು. ಶಿವಮೊಗ್ಗದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು ನಾನಾದ್ದರಿಂದ, ಸೆಪ್ಟೆಂಬರಿನ ಒಂದು ಶನಿವಾರ ಅಪ್ಪ ಮಗಳಿಬ್ಬರೂ ಮಂಡಗದ್ದೆಯ ದಾರಿಯಲ್ಲಿ ಮಳೆ ಹೊಡೆಸಿಕೊಂಡು ಬೆಳಿಗ್ಗೆಯೇ ನನ್ನ ಮನೆಗೆ ಬಂದಿಳಿದರು.

ಅಂಗಡಿಗೆ ಹೊರಡುವ ಮುನ್ನ ಬೆಲೆಯ ಮಾತನ್ನು ಮುಗಿಸಿಬಿಡೋಣವೆಂದು ಕುಳಿತೆವು. ಅಮೆರಿಕದ ಅಂಗಡಿಗಳು ತೋರಿಸುವ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿ, ಬಿಲ್ಲು ಮಾಡುವಾಗ ಸೇರಿಕೊಳ್ಳುತ್ತದೆ, ಒರೆಗಾನ್‌ನಂಥ ಕಡೆ ಇಲ್ಲವೇ ಇಲ್ಲ. ಹೀಗಾಗಿ ಅಲ್ಲಿರುವವರಿಗೆ ನಮ್ಮ ಬೆಲೆ ದುಬಾರಿಯಾಗಿ ಕಾಣುವುದು ಸಹಜ. ಆದರೆ ಹುಡುಗಿ ಹೊರಟಿರುವುದು ಜರ್ಮನಿಗೆ. ಅಲ್ಲಿನ ಬೆಲೆಚೀಟಿಯಲ್ಲಿ 19 ಶೇಕಡಾ ತೆರಿಗೆ ಮೊದಲೇ ಸೇರಿದೆ. ನಮ್ಮಲ್ಲಿ ಲ್ಯಾಪ್‌ಟಾಪಿನ ಮೇಲೆ ಜಿಎಸ್‌ಟಿ 18 ಶೇಕಡಾ. ನಾವು ನೋಡಿದ ಮಾದರಿಗಳಲ್ಲಿ ಯೂರೋವನ್ನು ರೂಪಾಯಿಗೆ ತಿರುಗಿಸಿದಾಗ ಉಳಿದ ಅಂತರ ಹಬ್ಬದ ರಿಯಾಯಿತಿಯಷ್ಟೂ ಇರಲಿಲ್ಲ.

ಬೆಲೆಗಿಂತ ದುಡ್ಡು ಯಾವಾಗ ಕೈಗೆ ಬರುತ್ತದೆ ಎಂಬುದೇ ನನಗೆ ಮುಖ್ಯವಾಗಿ ಕಂಡಿತು. ಜರ್ಮನಿಗೆ ಓದಲು ಹೋಗುವವರು ವೀಸಾಕ್ಕಾಗಿ ಒಂದು ವರ್ಷದ ಖರ್ಚನ್ನು, 2024ರ ಸೆಪ್ಟೆಂಬರಿನಿಂದೀಚೆಗೆ 11,904 ಯೂರೋಗಳನ್ನು, ಮುಟ್ಟಲಾಗದ ಖಾತೆಯೊಂದರಲ್ಲಿ ಇಟ್ಟು ತೋರಿಸುವುದು ರೂಢಿ. ಆ ಹಣ ಒಟ್ಟಿಗೆ ಸಿಗುವುದಿಲ್ಲ. ಅಲ್ಲಿಗೆ ತಲುಪಿ ಬ್ಯಾಂಕ್ ಖಾತೆ ತೆರೆದ ಮೇಲೆ ತಿಂಗಳಿಗೆ 992 ಯೂರೋಗಳಂತೆ ಬಿಡುಗಡೆಯಾಗುತ್ತದೆ. ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲವೂ ಅದರಲ್ಲೇ ಆಗಬೇಕು. ಮೊದಲ ತಿಂಗಳು ಕೋಣೆಯ ಮುಂಗಡ ಬೇರೆ. ಅಕ್ಟೋಬರಿನಲ್ಲಿ ಪಾಠ ಶುರುವಾಗುವ ಹೊತ್ತಿಗೆ ಕಂಪ್ಯೂಟರಿಲ್ಲದೆ ಕೂರುವಂತಿಲ್ಲ. ಇಲ್ಲಾದರೆ, ಉಳಿದಿದ್ದ ಅಡಿಕೆಯನ್ನು ಮಂಡಿಗೆ ಹಾಕಿ ತಂದ ದುಡ್ಡು ಭಾವನ ಜೇಬಿನಲ್ಲಿಯೇ ಇತ್ತು.

ಅವಳ ಮನಸ್ಸನ್ನು ಪೂರ್ತಿ ತಿರುಗಿಸಿದ್ದು ಮಾತ್ರ ಕೀಲಿಮಣೆ. ನೆಹರೂ ರಸ್ತೆಯ ಅಂಗಡಿಯಲ್ಲಿ ಡೆಮೊ ಪೀಸಿನ ಮುಂದೆ ಅವಳು ನಿಂತಿದ್ದಾಗ, ಜರ್ಮನ್ ಕೀಲಿಮಣೆಯ ಚಿತ್ರವನ್ನು ಫೋನಿನಲ್ಲಿ ತೆರೆದು ಪಕ್ಕಕ್ಕೆ ಹಿಡಿದೆ. ವೈ ಇರಬೇಕಾದಲ್ಲಿ ಝಡ್, ಝಡ್ ಇರಬೇಕಾದಲ್ಲಿ ವೈ. ಇಮೇಲ್ ವಿಳಾಸದ 'ಅಟ್' ಚಿಹ್ನೆಗೆ ಬಲಗಡೆಯ ಆಲ್ಟ್ ಕೀಲಿಯನ್ನು ಹಿಡಿದು ಕ್ಯೂ ಒತ್ತಬೇಕು. ಪ್ರೋಗ್ರಾಮ್ ಬರೆಯುವವರಿಗೆ ಸಾಲುಸಾಲಿಗೂ ಬೇಕಾಗುವ ಚೌಕಾವರಣ, ಪುಷ್ಪಾವರಣಗಳು ಅದೇ ಆಲ್ಟ್ ಕೀಲಿಯೊಂದಿಗೆ 7, 8, 9, 0 ಅಂಕಿಗಳ ಬೆನ್ನಿಗೆ ಅಡಗಿವೆ. ಅವಳು ನೋಡದೆಯೇ ಟೈಪು ಮಾಡುವವಳು. ಚಿತ್ರವನ್ನು ನೋಡುತ್ತ ಗಾಳಿಯಲ್ಲೇ ಬೆರಳಾಡಿಸಿ, "ಅಯ್ಯೋ ಮಾವ, ಕೈ ಮುರ್ಕೊಂಡ ಹಾಗಾಗುತ್ತೆ" ಎಂದಳು. ತಂತ್ರಾಂಶದಲ್ಲಿ ವಿನ್ಯಾಸವನ್ನು ಬದಲಿಸಿಕೊಳ್ಳಬಹುದು, ನಿಜ; ಆಗ ಕೀಲಿಯ ಮೇಲೆ ಅಚ್ಚಾದ ಅಕ್ಷರವೊಂದು, ತೆರೆಯ ಮೇಲೆ ಮೂಡುವುದು ಇನ್ನೊಂದು. ಇಂಗ್ಲಿಷ್ ಕೀಲಿಮಣೆಯ ಯಂತ್ರ ಅಲ್ಲಿಯೂ ಸಿಗುತ್ತದಾದರೂ ಹುಡುಕಿ ತರಿಸಿಕೊಳ್ಳಬೇಕು, ಆಯ್ಕೆಯೂ ಕಡಿಮೆ.

ಭಾವನ ಚಿಂತೆ ಕರೆಂಟಿನದು. "ಅಲ್ಲಿ ಸ್ಟೆಬಿಲೈಸರ್ ಬೇಕಾಗಲ್ವಾ?" ಎಂದು ಕೇಳಿದ. ಅಡಾಪ್ಟರನ್ನು ಮಗುಚಿ, ಅದರ ಬೆನ್ನಿನ ಸಣ್ಣ ಅಕ್ಷರಗಳನ್ನು ಅಂಗಡಿಯವರಿಂದಲೇ ಓದಿಸಿದೆ: 100ರಿಂದ 240 ವೋಲ್ಟ್, 50ರಿಂದ 60 ಹರ್ಟ್ಸ್. ಜರ್ಮನಿಯದ್ದೂ ನಮ್ಮಂತೆಯೇ 230 ವೋಲ್ಟಿನ ವಿದ್ಯುತ್ತು. ಸಂಜೆ ವೋಲ್ಟೇಜು ಇಳಿದು ಪಂಪ್‌ಸೆಟ್ಟು ಮುಕ್ಕುವ ನಮ್ಮೂರಿನಲ್ಲಿ ಬಾಳುವ ಅಡಾಪ್ಟರಿಗೆ ಅಲ್ಲಿ ಕಷ್ಟವೇನೂ ಇಲ್ಲ. ನಮ್ಮ ಮೂರು ಪಿನ್ನು ಅಲ್ಲಿನ ಸಾಕೆಟ್ಟಿಗೆ ಕೂರದು, ಅಷ್ಟೇ. ಗೋಡೆಯಿಂದ ಅಡಾಪ್ಟರಿಗೆ ಬರುವ ತಂತಿ ಬಿಚ್ಚಿ ಬರುವಂಥದ್ದಾದ್ದರಿಂದ ಅದೊಂದನ್ನು ಅಲ್ಲಿ ಕೊಂಡರೆ ಸಾಕು.

ವಾರಂಟಿಯ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ನಮ್ಮ ನೆಂಟರೊಬ್ಬರಿಗೆ ಮಗ ಅಮೆರಿಕದಿಂದ ತಂದುಕೊಟ್ಟ ಲ್ಯಾಪ್‌ಟಾಪಿನ ತೆರೆ ವರ್ಷ ತುಂಬುವ ಮೊದಲೇ ಕೈಕೊಟ್ಟಾಗ, ಇಲ್ಲಿನ ಸರ್ವೀಸ್ ಸೆಂಟರಿನವರು ಈ ದೇಶದಲ್ಲಿ ಅದಕ್ಕೆ ವಾರಂಟಿ ಇಲ್ಲವೆಂದು ಸಾಗಹಾಕಿದ್ದನ್ನು ನಾನೇ ಜೊತೆಗಿದ್ದು ನೋಡಿದ್ದೇನೆ. "ವರ್ಲ್ಡ್‌ವೈಡ್ ಇರುತ್ತೆ ಸರ್, ತಲೆ ಕೆಡಿಸ್ಕೋಬೇಡಿ" ಎಂದು ಅಂಗಡಿಯ ಹುಡುಗ ಹೇಳಿದ ಮಾತನ್ನು ನಂಬದೆ, ಆಯಾ ಕಂಪನಿಯ ಜಾಲತಾಣದಲ್ಲಿ ಮಾದರಿಯ ಸಂಖ್ಯೆ ಹಾಕಿಸಿ ನೋಡಿದೆವು. ಅವಳಿಗೆ ಹಿಡಿಸಿದ್ದ ಮೊದಲನೆಯದಕ್ಕೆ ಭಾರತದೊಳಗೆ ಮಾತ್ರ. ಸ್ವಲ್ಪ ದಪ್ಪಗಿದ್ದ, ಬಣ್ಣವೂ ಅಷ್ಟಕ್ಕಷ್ಟೇ ಎನ್ನಿಸಿದ ಇನ್ನೊಂದಕ್ಕೆ ಅಂತರರಾಷ್ಟ್ರೀಯ ವಾರಂಟಿ. ಜರ್ಮನಿಯಲ್ಲಿ ಅಂಗಡಿಯಿಂದ ಹೊಸದು ಕೊಂಡರೆ ಎರಡು ವರ್ಷಗಳವರೆಗೆ ಮಾರಿದವನೇ ದೋಷಕ್ಕೆ ಹೊಣೆಯೆಂದು ಕಾನೂನೇ ಹೇಳುತ್ತದೆ. ಅಲ್ಲಿ ಕೊಳ್ಳುವುದರ ಪರವಾಗಿ ನಾನು ಒಪ್ಪುವ ಗಟ್ಟಿಯಾದ ಕಾರಣ ಅದೊಂದೇ. ಮೊದಲ ವರ್ಷಕ್ಕೆ ಬೇಕಾದ ಹಣ ಕೈಯಲ್ಲಿದ್ದವರಿಗೆ ಹಾಗೆಯೇ ಮಾಡಿ ಎನ್ನುತ್ತೇನೆ.

ದಪ್ಪಗಿನದನ್ನೇ ಕೊಂಡೆವು. ಸೀಲು ಒಡೆಸಿ, ತೆರೆಯಲ್ಲಿ ಚುಕ್ಕೆಗಳಿಲ್ಲವೆಂದು ನೋಡಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡೆವು. ಬ್ಯಾಟರಿ 100 ವ್ಯಾಟ್-ಅವರ್‌ಗಿಂತ ಕಡಿಮೆಯದ್ದಾದರೆ ವಿಮಾನದಲ್ಲಿ ಒಯ್ಯಲು ವಿಶೇಷ ಅನುಮತಿ ಬೇಕಿಲ್ಲ. ಇದರದ್ದು ಅದರೊಳಗೇ ಇತ್ತು. ಕೈಚೀಲದಲ್ಲೇ ಇರಲಿ, ಪವರ್ ಬ್ಯಾಂಕನ್ನಂತೂ ದೊಡ್ಡ ಪೆಟ್ಟಿಗೆಗೆ ಹಾಕಲೇಬೇಡ ಎಂದು ಅವಳಿಗೆ ಹೇಳಿದೆ. ಮುಂದೆ ರಜೆಗೆ ಬರುವಾಗ ಸುಂಕ ಕೇಳಿಯಾರು ಎಂಬ ಹೆದರಿಕೆಯೂ ಬೇಡ. 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು.

ಹೊರಡುವಾಗ ಭಾವನ ಕಣ್ಣು ದೊಡ್ಡ ಮಾನಿಟರೊಂದರ ಮೇಲೆ ಬಿತ್ತು. ಒಟ್ಟಿಗೆ ಕೊಂಡರೆ ಕಮ್ಮಿ ಮಾಡುತ್ತಾರಂತೆ ಎಂದು ಅವನ ವಾದ. ಅಪ್ಪೆಮಿಡಿ ಉಪ್ಪಿನಕಾಯಿಗೂ ಅಕ್ಕ ಕಟ್ಟಿಟ್ಟಿರುವ ಹಪ್ಪಳಕ್ಕೂ ಜಾಗ ಸಾಲದಿರುವ ಪೆಟ್ಟಿಗೆಯಲ್ಲಿ ಗಾಜಿನ ತೆರೆಯನ್ನು ಎಲ್ಲಿ ತುರುಕುವುದೆಂದು ಕೇಳಿದೆ. ಓದು ಮುಗಿಸಿ ಊರು ಬಿಡುವ ವಿದ್ಯಾರ್ಥಿಗಳು ಅಂಥವನ್ನು ಅರ್ಧ ಬೆಲೆಗೆ ಕೊಟ್ಟು ಹೋಗುತ್ತಾರೆಂದು ಅವಳ ಸೀನಿಯರ್ ಒಬ್ಬಳು ಆಗಲೇ ತಿಳಿಸಿದ್ದಳು. ಮಾನಿಟರನ್ನು ಅಲ್ಲಿಯೇ ಕೊಳ್ಳುವುದೆಂದು ಒಪ್ಪಿಸುವಷ್ಟರಲ್ಲಿ ತೀರ್ಥಹಳ್ಳಿ ಬಸ್ಸಿನ ಹೊತ್ತಾಗಿತ್ತು.